ನುಡಿಗೆ ಸೂತಕವುಂಟೆ?

ಕಳೆದ ವರ್ಷ ಬಸವ ಜಯಂತಿಯ ಅಂಗವಾಗಿ ದಕ್ಷಿಣದ ಒಂದು ತಾಲ್ಲೂಕು ಕೇಂದ್ರದಲ್ಲಿ ಪ್ರೌಢಶಾಲಾ ವಿದ್ಯಾರ್ಥಿಗಳಿಗಾಗಿ ವಚನ ವಾಚನ ಸ್ಪರ್ಧೆ ನಡೆಯಿತು. ತೀರ್ಪುಗಾರರು ಮೂವರಲ್ಲಿ ನಾನೊಬ್ಬ. ನಮ್ಮ ಕೈಗಿತ್ತ ಅಂಕಪಟ್ಟಿಯಲ್ಲಿ ನಾಲ್ಕು ಅಂಕಣಗಳಿದ್ದವು: ಕಂಠಪಾಠ, ಭಾವ, ಧೈರ್ಯ, ಉಚ್ಚಾರಣಾಶುದ್ಧಿ. ಒಂದೊಂದಕ್ಕೆ 25 ಅಂಕ. ಏಳನೆಯದಾಗಿ ವೇದಿಕೆಗೆ ಬಂದ ಹುಡುಗಿ ಹಳ್ಳಿಯ ಶಾಲೆಯವಳು. ಅವಳು ಆರಿಸಿಕೊಂಡಿದ್ದ ವಚನಗಳಲ್ಲಿ ಮೊದಲನೆಯದು ಬಸವಣ್ಣನವರದು. ಹಾವಿನ ವಕ್ರತೆಯು ಅದರ ಹುತ್ತಕ್ಕೆ ನೇರವೇ, ಹೊಳೆಯ ತಿರುವು ಕಡಲಿಗೆ ನೇರವೇ, ಹಾಗೆಯೇ ಶರಣರ ವಕ್ರತೆ ಲಿಂಗಕ್ಕೆ ನೇರವಾದುದು ಎಂಬ ಅರ್ಥದ ಆ ಚಿಕ್ಕ ವಚನವನ್ನು ಓದುಗರೆಲ್ಲ ಬಲ್ಲರು.

ಹುಡುಗಿ ಅದನ್ನು ಚೆನ್ನಾಗಿಯೇ ಹೇಳಿದಳು. ನಿಲ್ಲಬೇಕಾದಲ್ಲಿ ನಿಂತಳು, ಕೊನೆಯ ಸಾಲಿಗೆ ಬಂದಾಗ ಧ್ವನಿಯನ್ನು ತಗ್ಗಿಸಿದಳು. ಆದರೆ ಅವಳ ಬಾಯಲ್ಲಿ ಹಾವು ‘ಆವು’ ಆಗಿತ್ತು; ಹುತ್ತ ‘ಉತ್ತ’ ಆಗಿತ್ತು. ಸಭೆಯ ಹಿಂದಿನ ಸಾಲಿನಿಂದ ನಗೆ ಹೊರಟಿತು. ಅದು ಮುಂದಿನ ಸಾಲಿಗೂ ಬಂದಿತು. ನನ್ನ ಪಕ್ಕದಲ್ಲಿದ್ದ ತೀರ್ಪುಗಾರರು, ಹಳಗನ್ನಡವನ್ನು ಓದಿಕೊಂಡವರು, ನನ್ನ ಕಿವಿಯಲ್ಲಿ ‘ಹಾವು ಹೋಗಿ ಹಸು ಬಂದಿತಲ್ಲ ಸ್ವಾಮಿ’ ಎಂದರು. ಹಳಗನ್ನಡದಲ್ಲಿ ಆವು ಎಂದರೆ ಹಸುವಷ್ಟೆ. ಮಾತು ಚಮತ್ಕಾರದ್ದೇ, ನಾನೂ ನಕ್ಕೆ. ನಕ್ಕ ಮೇಲೆ ಅಂಕಪಟ್ಟಿಯ ನಾಲ್ಕನೆಯ ಅಂಕಣದ ಮುಂದೆ ನನ್ನ ಲೇಖನಿ ನಿಂತುಬಿಟ್ಟಿತು. ಆ ನಿಂತ ಲೇಖನಿಯೇ ಈ ಲೇಖನಕ್ಕೆ ಕಾರಣ.

ಮೊದಲು ಆ ಎರಡು ಶಬ್ದಗಳ ಚರಿತ್ರೆಯನ್ನೇ ನೋಡೋಣ. ಹಾವು ಎಂಬುದು ಕನ್ನಡದ ಮೂಲರೂಪವಲ್ಲ. ಹಳಗನ್ನಡದಲ್ಲಿ ಅದು ‘ಪಾವು’. ತಮಿಳರು ಇಂದಿಗೂ ಪಾಂಬು ಎನ್ನುತ್ತಾರೆ, ತೆಲುಗರು ಪಾಮು ಎನ್ನುತ್ತಾರೆ. ಹುತ್ತ ಹಳಗನ್ನಡದಲ್ಲಿ ‘ಪುತ್ತು’. ಶಬ್ದದ ಮೊದಲಿನ ಪಕಾರವು ಹಕಾರವಾಗುವುದು ಹತ್ತನೆಯ ಶತಮಾನದಿಂದೀಚೆಗೆ ಶಾಸನಗಳಲ್ಲಿ ಅಲ್ಲೊಂದು ಇಲ್ಲೊಂದು ಕಾಣಿಸಿಕೊಂಡು, ನಡುಗನ್ನಡದ ಕಾಲಕ್ಕೆ ಸಾರ್ವತ್ರಿಕವಾಯಿತು. ಹಾಲು, ಹಣ್ಣು, ಹಗಲು, ಹೆಸರು, ಹೊಲ ಎಲ್ಲವೂ ಹೀಗೆ ಬಂದವು. 941ರ ಸುಮಾರಿನಲ್ಲಿ ಭಾರತವನ್ನು ಕನ್ನಡಿಸಿ, ತನ್ನದು ಪುಲಿಗೆರೆಯ ತಿರುಳ್ಗನ್ನಡವೆಂದು ಹೆಮ್ಮೆಯಿಂದ ಹೇಳಿಕೊಂಡ ಪಂಪನ ಮುಂದೆ ನಮ್ಮ ಶುದ್ಧ ‘ಹಾವು’ವನ್ನು ಉಚ್ಚರಿಸಿದ್ದರೆ ಅವನ ಕಿವಿಗೆ ಅದು ಹೇಗೆ ಕೇಳಿಸುತ್ತಿತ್ತು? ತುಟಿ ಸೇರಿಸಲಾರದವನೊಬ್ಬನ ಸೋಮಾರಿ ಮಾತಾಗಿಯೇ ಕೇಳಿಸಿರಬೇಕು. ಪಾವು ಹಾವಾಯಿತು, ಹಾವು ಕೆಲವು ಸೀಮೆಗಳಲ್ಲಿ ಆವಾಯಿತು. ಪುತ್ತು ಹುತ್ತವಾಯಿತು, ಹುತ್ತ ಉತ್ತವಾಯಿತು. ಒಂದೇ ದಾರಿಯ ಎರಡು ಹೆಜ್ಜೆಗಳು ಇವು. ಮೊದಲನೆಯ ಹೆಜ್ಜೆಯನ್ನು ನಾವು ‘ಧ್ವನಿವ್ಯತ್ಯಾಸ’ ಎಂದು ವ್ಯಾಕರಣದಲ್ಲಿ ಪಾಠ ಹೇಳುತ್ತೇವೆ. ಎರಡನೆಯದನ್ನು ‘ಅಶುದ್ಧಿ’ ಎಂದು ಅಂಕ ಕಳೆಯುತ್ತೇವೆ. ಈ ಭೇದಕ್ಕೆ ಭಾಷೆಯಲ್ಲಿ ಆಧಾರವಿಲ್ಲ; ಮೊದಲ ಹೆಜ್ಜೆಯನ್ನು ಓದುಬರಹ ಬಲ್ಲವರೂ ಇಟ್ಟರು, ಎರಡನೆಯದನ್ನು ಒಕ್ಕಲುಗೇರಿಯವರು ಇಟ್ಟರು ಎಂಬುದೇ ಅದಕ್ಕಿರುವ ಆಧಾರ.

ಳಕಾರದ ಕಥೆಯೂ ಇದೇ. ಹಳಗನ್ನಡದಲ್ಲಿದ್ದ ಱ, ೞ ಎಂಬ ಎರಡು ಅಕ್ಷರಗಳು ಜನರ ಬಾಯಿಂದ ಜಾರಿಹೋದವು. 1260ರ ಸುಮಾರಿನಲ್ಲಿ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ೞಕಾರವಿರುವ ಶಬ್ದಗಳನ್ನು ಪಟ್ಟಿಮಾಡಿ ಕೊಡಬೇಕಾಯಿತು. ಜನರು ತಪ್ಪುತ್ತಿಲ್ಲದಿದ್ದರೆ ಪಟ್ಟಿ ಏತಕ್ಕೆ? ಆ ಪಟ್ಟಿ ನಮಗೆ ಬಹೂಪಯೋಗಿ, ಆದರೆ ಅದು ಯಾರ ನಾಲಗೆಯನ್ನೂ ತಡೆಯಲಿಲ್ಲ. ಇಂದು ಉಚ್ಚಾರಣಾಶುದ್ಧಿಯ ತೀರ್ಪುಗಾರರಾಗಿ ಕೂಡುವ ನಮ್ಮಲ್ಲಿ ಒಬ್ಬರಿಗಾದರೂ ಆ ಅಕ್ಷರವನ್ನು ನುಡಿಯಲು ಬಂದೀತೆ? ಕೇಶಿರಾಜನ ಸ್ಪರ್ಧೆಯಲ್ಲಿ ನಮಗೆಲ್ಲರಿಗೂ ಸೊನ್ನೆ.

ಅವನಿಗಿಂತ ನಾಲ್ಕು ಶತಮಾನ ಹಿಂದೆ, 850ರ ಸುಮಾರಿನಲ್ಲಿ ರಚಿತವಾದ ಕವಿರಾಜಮಾರ್ಗವು ಈ ವಿಷಯದಲ್ಲಿ ಹೆಚ್ಚು ಉದಾರವಾಗಿದೆ. ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದಗಳ ನಡುವಣ ನಾಡನ್ನು ಕನ್ನಡದ ತಿರುಳೆಂದು ಅದು ಗುರುತಿಸುವುದೇನೋ ನಿಜ. ಆದರೆ ಅದೇ ಗ್ರಂಥ, ಒಂದೊಂದು ದೇಶದ ನುಡಿಯೂ ಬೇರೆ ಬೇರೆಯಾಗಿರುವುದರಿಂದ ಇವುಗಳ ದೋಷಗಳಿಷ್ಟೇ ಎಂದು ಎಣಿಸಹೋದರೆ ವಾಸುಕಿಗೂ ಬೇಸರ ಬಂದೀತು ಎನ್ನುತ್ತದೆ. ಅಲ್ಲಿ ಬಳಸಿರುವ ‘ಕನ್ನಡಂಗಳ್’ ಎಂಬ ಬಹುವಚನವನ್ನು ನಮ್ಮ ವಿದ್ಯಾರ್ಥಿಗಳು ಗಮನಿಸಬೇಕು. ಕನ್ನಡ ಒಂದಲ್ಲ, ಕನ್ನಡಗಳು. ನಮಗೆ ದೊರೆತಿರುವ ಮೊದಲ ಕನ್ನಡ ಗ್ರಂಥದಲ್ಲೇ ಈ ಮಾತಿದೆ.

ಇನ್ನು ವಚನಗಳಿಗೆ ಬರೋಣ. ವಚನಕಾರರ ಹೆಸರಿನಲ್ಲಿ ನಾವು ಉಚ್ಚಾರಣೆಗೆ ಅಂಕ ಕೊಡುತ್ತೇವಲ್ಲ, ಆ ಶರಣರು ನುಡಿಯನ್ನು ಯಾವ ತೂಕದ ಕಲ್ಲಿನಿಂದ ತೂಗಿದರು?

ಈ ಪ್ರಶ್ನೆಗೆ ಎಲ್ಲರೂ ಕೊಡುವ ಉತ್ತರ, ಮಾತು ಹೇಗಿರಬೇಕೆಂದು ಹೇಳುವ ಬಸವಣ್ಣನವರ ಪ್ರಸಿದ್ಧ ವಚನ. ಮುತ್ತಿನ, ಮಾಣಿಕ್ಯದ, ಸ್ಫಟಿಕದ ಹೋಲಿಕೆಗಳುಳ್ಳ ಆ ವಚನವನ್ನು ನಾನು ಕೆಲಸಮಾಡಿದ ಶಾಲೆಯ ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ಬರೆಸಿದ್ದೆವು. ಮೂವತ್ತು ವರ್ಷ ಅದರ ಕೆಳಗೆ ನಿಂತು ಮಕ್ಕಳ ಉಚ್ಚಾರಣೆಯನ್ನು ತಿದ್ದಿದೆ. ಅದೇ ನನಗೆ ಪ್ರಮಾಣವೆಂದು ತಿಳಿದಿದ್ದೆ. ನಿವೃತ್ತನಾದ ಮೇಲೆ ಒಂದು ದಿನ ಏತಕ್ಕೋ ಆ ಶಾಲೆಗೆ ಹೋದಾಗ ಕಂಡುಬಂದ ಸಂಗತಿಯೆಂದರೆ, ಗೋಡೆಯ ಮೇಲೆ ವಚನ ಪೂರ್ತಿಯಾಗಿ ಇರಲೇ ಇಲ್ಲ. ಹೋಲಿಕೆಗಳಿದ್ದವು, ಲಿಂಗವೇ ಮೆಚ್ಚಿ ತಲೆದೂಗಬೇಕೆಂಬ ಮಾತಿತ್ತು. ನುಡಿದಂತೆ ನಡೆಯದಿದ್ದವನನ್ನು ಕೂಡಲಸಂಗಮದೇವನು ಹೇಗೆ ಒಲಿದಾನು ಎಂಬ ಕೊನೆಯ ವಾಕ್ಯ ಇರಲಿಲ್ಲ. ಜಾಗ ಸಾಲದೆ ಬಿಟ್ಟಿದ್ದರು. ಬಿಟ್ಟವರಲ್ಲಿ ನಾನೂ ಒಬ್ಬ.

ಕೊನೆಯ ವಾಕ್ಯವನ್ನು ಬಿಟ್ಟು ಓದಿದರೆ ಅದು ವಾಗ್ಮಿತೆಯ ಪಾಠವಾಗುತ್ತದೆ. ಅದನ್ನು ಸೇರಿಸಿ ಓದಿದರೆ ಮೇಲಿನ ಹೋಲಿಕೆಗಳ ಅರ್ಥವೇ ಬದಲಾಗುತ್ತದೆ. ಸ್ಫಟಿಕದ ಗುಣ ಪಾರದರ್ಶಕತೆ. ಒಳಗೊಂದು ಹೊರಗೊಂದು ಇಲ್ಲದಿರುವುದು. ಮುತ್ತಿನ ಗುಣ ಹೊಳಪಷ್ಟೇ ಅಲ್ಲ. ಒಂದೊಂದು ಮಣಿಯೂ ದಾರದಲ್ಲಿ ನಿಲ್ಲುವುದು, ಅಂದರೆ ಮಾತು ನಡೆಯೊಡನೆ ಪೋಣಿಸಿಕೊಂಡಿರುವುದು. ಇಲ್ಲಿ ತಲೆದೂಗಬೇಕಾದದ್ದು ಲಿಂಗ, ಸಭೆಯಲ್ಲ. ಹಕಾರ ಬಿದ್ದುಹೋಯಿತೆಂದು ಲಿಂಗವು ತಲೆದೂಗದೆ ಇದ್ದೀತೆ? ತಾಳ ಮಾನ ಗಣಗಳ ಲೆಕ್ಕ ತನಗೆ ತಿಳಿಯದು, ತನಗೆ ಒಲಿದಂತೆ ಹಾಡುವೆನೆಂದು ಬೇರೊಂದು ವಚನದಲ್ಲಿ ಬಸವಣ್ಣನವರೇ ಹೇಳಿಕೊಂಡಿದ್ದಾರೆ. ಛಂದಸ್ಸಿನ ಶುದ್ಧಿಯನ್ನೇ ಭಕ್ತಿಯ ಮುಂದೆ ಬದಿಗಿಟ್ಟವರ ವಚನಕ್ಕೆ ನಾವು ಹಕಾರದ ಶುದ್ಧಿಯನ್ನು ಹೊಸ್ತಿಲಾಗಿ ಇಟ್ಟಿದ್ದೇವೆ.

ಅಲ್ಲಮಪ್ರಭುದೇವರ ಒಂದು ವಚನ ಇನ್ನೂ ಹತ್ತಿರದ್ದು. ಮಾತನ್ನು ಜ್ಯೋತಿರ್ಲಿಂಗಕ್ಕೂ ಸ್ವರವನ್ನು ಪರತತ್ತ್ವಕ್ಕೂ ಸಮೀಕರಿಸಿ, ಅಂಗುಳು ತುಟಿಗಳು ಕೂಡುವ ಕ್ರಿಯೆಯನ್ನೇ ನಾದ ಬಿಂದು ಕಳೆಗಳಿಗೆ ಮೀರಿದುದೆಂದು ಹೇಳಿ, ಗುಹೇಶ್ವರನ ಶರಣರಿಗೆ ನುಡಿದುದರಿಂದ ಸೂತಕವಿಲ್ಲವೆಂದು ಆ ವಚನ ಮುಗಿಯುತ್ತದೆ. ಪ್ರಭುದೇವರು ಅಲ್ಲಿ ಹೇಳುತ್ತಿರುವುದು ಪ್ರಾದೇಶಿಕ ಉಚ್ಚಾರಣೆಯ ವಿಷಯವಲ್ಲವೆಂಬುದನ್ನು ನಾನು ಬಲ್ಲೆ. ಅದು ಮೌನ ಮತ್ತು ಮಾತುಗಳ ತಾತ್ತ್ವಿಕ ಪ್ರಶ್ನೆ. ನಿಶ್ಶಬ್ದವನ್ನು ಕಂಡವನು ನುಡಿದರೆ ಕೆಡುವನೆ ಎಂಬ ಸಂದೇಹಕ್ಕೆ ಕೊಟ್ಟ ಉತ್ತರ. ನನ್ನ ಉಪಯೋಗಕ್ಕಾಗಿ ಅದನ್ನು ಎಳೆಯಲಾರೆ. ಆದರೂ ಅವರು ಆರಿಸಿಕೊಂಡ ಶಬ್ದ ಸೂತಕ. ಹುಟ್ಟಿನಿಂದ, ಸಾವಿನಿಂದ, ಮುಟ್ಟಿನಿಂದ, ಎಂಜಲಿನಿಂದ, ಜಾತಿಯಿಂದ ಬರುವ ಪಂಚಸೂತಕಗಳನ್ನು ಅಳಿಸಿದ ಪರಂಪರೆ ನಮ್ಮದು. ನುಡಿಯ ಅಂಗುಳು ತುಟಿಗಳ ಮಾತು ಬಂದಾಗಲೂ ಆ ಶಬ್ದವೇ ಅವರ ನೆನಪಿಗೆ ಬಂದಿತಲ್ಲ ಎಂಬುದನ್ನಷ್ಟೇ ನಾನಿಲ್ಲಿ ಗಮನಕ್ಕೆ ತರುತ್ತೇನೆ.

ಏಕೆಂದರೆ ಉಚ್ಚಾರಣೆಗೆ ನಗುವ ನಗೆ ಧ್ವನಿಗೆ ನಗುವುದಲ್ಲ. ಅದು ಹುಟ್ಟಿಗೆ ನಗುವುದು. ಯಾರವನು ಯಾರವನೆಂದು ಕೇಳಬೇಡಿ, ನಮ್ಮವನೆನ್ನಿ ಎಂಬ ಆಶಯದ ಬಸವಣ್ಣನವರ ವಚನವನ್ನು ನಾವು ಬಾಯಿಪಾಠ ಮಾಡಿದ್ದೇವೆ; ಆದ್ದರಿಂದ ಬಾಯಲ್ಲಿ ಆ ಪ್ರಶ್ನೆ ಕೇಳುವುದಿಲ್ಲ. ಕಿವಿಯೇ ಕೇಳಿಕೊಂಡುಬಿಡುತ್ತದೆ. ಬಂದವನು ‘ಬತ್ತೀನಿ’ ಎಂದರೆ ಒಂದು ಉತ್ತರ, ‘ಬರಾಕತ್ತೇನಿ’ ಎಂದರೆ ಒಂದು ಉತ್ತರ, ‘ಬರಲತ್ತೀನಿ’ ಎಂದರೆ ಮತ್ತೊಂದು. ಜಿಲ್ಲೆಯಷ್ಟೇ ಅಲ್ಲ, ಕೇರಿಯೂ ತಿಳಿದುಹೋಗುತ್ತದೆ. ವಿಲಿಯಂ ಮೆಕ್‌ಕಾರ್ಮ್ಯಾಕ್ ಎಂಬ ವಿದ್ವಾಂಸರು ಧಾರವಾಡದ ಕನ್ನಡದಲ್ಲಿರುವ ಸಾಮಾಜಿಕ ಉಪಭಾಷೆಗಳನ್ನು ಕುರಿತ ಲೇಖನವನ್ನು 1960ರಲ್ಲಿ ಪ್ರಕಟಿಸಿ, ಒಂದೇ ಊರಿನೊಳಗೆ ಜಾತಿಯನ್ನನುಸರಿಸಿ ಮಾತು ಹೇಗೆ ಬೇರೆಯಾಗುತ್ತದೆಂಬುದನ್ನು ತೋರಿಸಿದರು. ಹೊರದೇಶದವರು ಬಂದು ತೋರಿಸಬೇಕಾದ ವಿಷಯವೇನೂ ಅಲ್ಲ ಅದು. ನಮ್ಮ ಬಾಗಿಲಲ್ಲಿ ನಿಂತು ನೀರು ಕೇಳಿದವರ ಒಂದೇ ಮಾತಿನಿಂದ ನಮ್ಮ ಅಜ್ಜಿಯರು ಅದನ್ನು ಅಳೆಯುತ್ತಿದ್ದರು.

ಈ ಅಳತೆಗೆ ಹೆದರಿ ಜನರು ಮಾಡುವ ತಪ್ಪು ಇನ್ನೊಂದು ಬಗೆಯದು. ಹಕಾರ ಬಿಡುವವನೆಂದು ಒಮ್ಮೆ ನಗೆಗೀಡಾದವನು ಆಮೇಲೆ ಇಲ್ಲದ ಕಡೆಯಲ್ಲೂ ಹಕಾರವನ್ನು ಸೇರಿಸುತ್ತಾನೆ. ಆದರದ ಸ್ವಾಗತವು ಆಗ ಏನಾಗಿ ಹೊರಬೀಳುತ್ತದೆಂಬ ಹಾಸ್ಯ ನಾಡಿನಲ್ಲೆಲ್ಲ ಪ್ರಚಲಿತವಿದೆ. ಅದನ್ನಿಲ್ಲಿ ಬರೆಯುವುದು ಉಚಿತವಲ್ಲ. ಅದನ್ನು ಅಜ್ಞಾನವೆಂದು ನಾವು ಎಣಿಸುತ್ತೇವೆ. ಅದು ಅಜ್ಞಾನವಲ್ಲ, ಭಯ. ತನ್ನ ಮನೆಯಲ್ಲಿ, ಹೊಲದಲ್ಲಿ ಮಾತನಾಡುವಾಗ ಅವನು ಹಾಗೆ ಎಂದೂ ತಪ್ಪುವುದಿಲ್ಲ. ವೇದಿಕೆಯ ಮೇಲೆ ಮಾತ್ರ ತಪ್ಪುತ್ತಾನೆ.

ಈ ಭಯವನ್ನು ನಾನು ಅನುಭವಿಸಿದ್ದೇನೆ. ಆಮೇಲೆ ಹಂಚಿಯೂ ಇದ್ದೇನೆ. ನನ್ನದು ರೋಣ ಸೀಮೆಯ ಹಳ್ಳಿ. ಶಿಕ್ಷಕ ತರಬೇತಿಗೆಂದು ಮೈಸೂರಿಗೆ ಹೋದಾಗ ನನ್ನ ಮಾತು ಸಹಪಾಠಿಗಳಿಗೆ ಸಂಜೆಯ ವಿನೋದವಾಗಿತ್ತು. ‘ಮನೆ’ ಎನ್ನಲು ‘ಮನಿ’ ಎನ್ನುತ್ತಿದ್ದೆ. ‘ಮಾಡಾಕತ್ತೇನಿ’ ಎಂದು ನನ್ನಿಂದ ಮತ್ತೆ ಮತ್ತೆ ಹೇಳಿಸಿ ನಗುತ್ತಿದ್ದರು. ಅವರಲ್ಲಿ ದುಷ್ಟರಾರೂ ಇರಲಿಲ್ಲ. ಎರಡು ವರ್ಷಗಳಲ್ಲಿ ನಾನು ‘ಮಾಡ್ತಾ ಇದೀನಿ’ ಎನ್ನಲು ಕಲಿತೆ. ರಜೆಗೆ ಊರಿಗೆ ಹೋದಾಗ ನಮ್ಮ ಅವ್ವ, ‘ಯಾಕೋ ತಮ್ಮಾ, ಯಾರದೋ ಮನಿಯವರಂಗ ಮಾತಾಡ್ತಿ’ ಎಂದಳು.

ಅನಂತರ ಮಳವಳ್ಳಿ ಸೀಮೆಯ ಒಂದು ಪ್ರೌಢಶಾಲೆಯಲ್ಲಿ ಕೆಲಸ ದೊರೆಯಿತು. ಹೊಸ ಉತ್ಸಾಹ. ಎಂಟನೆಯ ತರಗತಿಯಲ್ಲೊಬ್ಬ ಹುಡುಗನಿಗೆ ಹಕಾರ ಬಾರದು. ಅವನ ಅಂಗೈಯನ್ನು ಅವನ ಬಾಯ ಮುಂದೆ ಹಿಡಿಸಿ, ಉಸಿರು ತಾಗುವವರೆಗೆ ‘ಹಸು, ಹಾಲು, ಹಗ್ಗ’ ಎಂದು ತರಗತಿಯೆದುರು ಹೇಳಿಸುತ್ತಿದ್ದೆ. ತರಗತಿ ನಗುತ್ತಿತ್ತು; ನಾನು ಅದನ್ನು ತಡೆಯಲಿಲ್ಲ, ನಗೆಯೂ ಒಂದು ಬೋಧನೋಪಕರಣವೆಂದು ಆಗ ನಂಬಿದ್ದೆ. ಹುಡುಗನಿಗೆ ಹಕಾರ ಬಂದಿತು. ಆದರೆ ಆ ಮೇಲೆ ಹತ್ತನೆಯ ತರಗತಿ ಮುಗಿಯುವವರೆಗೆ ಅವನು ಗಟ್ಟಿಯಾಗಿ ಓದಿದ್ದು ನನಗೆ ನೆನಪಿಲ್ಲ. ಎಬ್ಬಿಸಿದರೆ ನಿಲ್ಲುತ್ತಿದ್ದ, ಪುಸ್ತಕ ಹಿಡಿಯುತ್ತಿದ್ದ, ಸುಮ್ಮನಿರುತ್ತಿದ್ದ.

ಇದರಲ್ಲಿ ನಾಚಿಕೆಯ ಸಂಗತಿಯೊಂದು ನನಗೆ ಬಹುಕಾಲದ ಮೇಲೆ ಹೊಳೆಯಿತು. ‘ಮಾಡಾಕತ್ತೇನಿ’ ಎಂಬುದು ‘ಮಾಡಾಕ ಹತ್ತೇನಿ’ ಎಂಬುದರ ರೂಪ. ಮಾಡಲು ಹತ್ತಿದ್ದೇನೆ, ತೊಡಗಿದ್ದೇನೆ ಎಂದರ್ಥ. ಅಲ್ಲಿಯ ಹಕಾರವನ್ನು ನಾವು ಉತ್ತರದವರೆಲ್ಲ ತಲೆಮಾರುಗಳಿಂದ ನುಂಗಿದ್ದೇವೆ. ದಿನಕ್ಕೆ ನೂರು ಬಾರಿ ಹಕಾರವನ್ನು ಬಿಡುವ ಸೀಮೆಯಿಂದ ಬಂದವನು ಹಕಾರ ಬಿಟ್ಟನೆಂದು ಒಬ್ಬ ಹುಡುಗನ ಬಾಯಿ ಕಟ್ಟಿದೆ.

ಆ ಹುಡುಗ ಶಾಲೆ ಬಿಟ್ಟ ಎರಡು ವರ್ಷದ ಮೇಲೆ ನಾನು ಗೆಳೆಯರೊಡನೆ ಚಿಕ್ಕಲ್ಲೂರು ಜಾತ್ರೆಗೆ ಹೋಗಿದ್ದೆ. ಪುಷ್ಯದ ಹುಣ್ಣಿಮೆ, ಚಂದ್ರಮಂಡಲದ ಉತ್ಸವ ಮುಗಿದಿತ್ತು. ಬಯಲಿನಲ್ಲಿ ಅಲ್ಲಲ್ಲಿ ನೀಲಗಾರರ ಮೇಳಗಳು ತಂಬೂರಿ, ಗಗ್ಗರ, ಡಮ್ಮಡಿಗಳೊಡನೆ ಮಂಟೇಸ್ವಾಮಿಯ ಕಥೆಯನ್ನು ಹಾಡುತ್ತಿದ್ದವು. ಒಂದು ಮೇಳದಲ್ಲಿ ಹಿರಿಯ ನೀಲಗಾರರ ಹಿಂದೆ ಕುಳಿತು ಸೊಲ್ಲು ಎತ್ತಿಕೊಡುತ್ತಿದ್ದವನು ನನ್ನ ಹಳೆಯ ವಿದ್ಯಾರ್ಥಿ. ನಡೆಯುತ್ತಿದ್ದುದು ಕಲ್ಯಾಣದ ಸಾಲು.

ಮಂಟೇಸ್ವಾಮಿ ಕಾವ್ಯವನ್ನು ನಮ್ಮ ಓದುಗರಲ್ಲಿ ಕೆಲವರಾದರೂ ತಿಳಿದಿರುತ್ತಾರೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಹಿ. ಚಿ. ಬೋರಲಿಂಗಯ್ಯನವರ ಸಂಪಾದಕತ್ವದಲ್ಲಿ ಅದನ್ನು ಪ್ರಕಟಿಸಿದೆ. ಮಂಡ್ಯ, ಮೈಸೂರು, ಚಾಮರಾಜನಗರಗಳ ಸೀಮೆಯಲ್ಲಿ ಬಾಯಿಂದ ಬಾಯಿಗೆ ಬಂದಿರುವ ಈ ಕಾವ್ಯದ ಮೊದಲ ಭಾಗ ನಡೆಯುವುದು ಕಲ್ಯಾಣದಲ್ಲಿ. ಧರೆಗೆ ದೊಡ್ಡವರೆನಿಸಿದ ಮಂಟೇಸ್ವಾಮಿಯು ನೋಡಿದವರಿಗೆ ಹೇಸಿಗೆ ಹುಟ್ಟಿಸುವ ವೇಷದಲ್ಲಿ ಬಸವಣ್ಣನವರ ಪಟ್ಟಣಕ್ಕೆ ಬಂದು, ದಿಟದ ಶರಣರಾರು, ವೇಷದ ಶರಣರಾರು ಎಂಬುದನ್ನು ಪರೀಕ್ಷಿಸುತ್ತಾರೆ. ಅದು ಶೂನ್ಯಸಂಪಾದನೆಯ ಕಲ್ಯಾಣವಲ್ಲ, ಇತಿಹಾಸದ ಕಲ್ಯಾಣವೂ ಅಲ್ಲ. ನಮ್ಮ ವಿದ್ವಾಂಸರು ಅದನ್ನು ಆಕರವೆಂದು ಒಪ್ಪುವುದು ಕಷ್ಟ. ಆದರೆ ಬಸವಣ್ಣನವರ ಹೆಸರನ್ನು ಅಕ್ಷರ ಬಾರದ ಒಕ್ಕಲುಗಳಲ್ಲಿ, ದಲಿತ ಕೇರಿಗಳಲ್ಲಿ ಇಷ್ಟು ಶತಮಾನ ಹೊತ್ತು ತಂದದ್ದು ಆ ಹಾಡು. ಆ ಹಾಡಿನಲ್ಲಿ ಹಕಾರವಿಲ್ಲ. ತರಗತಿಯಲ್ಲಿ ಎರಡು ಸಾಲು ಓದಲಾರದ ಹುಡುಗ ಅಂದು ಬೆಳಗಿನ ಜಾವದವರೆಗೆ ದಣಿಯದೆ ದನಿಗೂಡಿಸಿದ. ನನ್ನನ್ನು ಕಂಡನೋ ಇಲ್ಲವೋ ತಿಳಿಯದು. ನಾನಂತೂ ಎದುರಿಗೆ ಹೋಗಲಿಲ್ಲ.

ಈಗ ಸಾಹಿತ್ಯ ವಿಮರ್ಶೆಯ ಪ್ರಶ್ನೆಯೊಂದನ್ನು ಎತ್ತುತ್ತೇನೆ. ಸಂಸ್ಕೃತ ನಾಟಕಗಳಲ್ಲಿ ಅರಸರೂ ಪಂಡಿತರೂ ಸಂಸ್ಕೃತದಲ್ಲಿ ಮಾತನಾಡುತ್ತಾರೆ. ಸ್ತ್ರೀಯರೂ ಸೇವಕರೂ ಸಾಮಾನ್ಯವಾಗಿ ಪ್ರಾಕೃತದಲ್ಲಿ. ಭರತನ ನಾಟ್ಯಶಾಸ್ತ್ರದಲ್ಲಿಯೇ ಇದಕ್ಕೆ ವಿಧಿಯಿದೆ. ಮಾತಿನಿಂದಲೇ ಪಾತ್ರದ ಸ್ಥಾನ ತಿಳಿಯಬೇಕೆಂಬುದು ಅದರ ಉದ್ದೇಶ. ನಮ್ಮ ವೃತ್ತಿನಾಟಕಗಳೂ ಆಮೇಲೆ ಚಲನಚಿತ್ರಗಳೂ ಇದೇ ವಿಧಿಯನ್ನು ಬೇರೆ ವೇಷದಲ್ಲಿ ಮುಂದುವರಿಸಿದವು. ನಾಯಕನಿಗೆ ಗ್ರಾಂಥಿಕದ ಕನ್ನಡ. ಅಡುಗೆಯವನಿಗೆ ಒಂದು ಸೀಮೆಯ ಮಾತು, ಕಾವಲಿನವನಿಗೆ ಇನ್ನೊಂದು ಸೀಮೆಯ ಮಾತು, ನಗಿಸುವುದಕ್ಕಾಗಿ. ಇಂದು ಅಂಗೈಯ ಮೊಬೈಲಿನಲ್ಲಿ ಹರಿದಾಡುವ ಚಿಕ್ಕ ಚಿಕ್ಕ ದೃಶ್ಯಗಳವರೆಗೂ ಆ ವಿಧಿ ಜೀವಂತವಾಗಿದೆ.

ಇದರ ಪಕ್ಕದಲ್ಲಿ ಶೂನ್ಯಸಂಪಾದನೆಯನ್ನಿಟ್ಟು ನೋಡಿ. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನಿಂದ ಮೊದಲ್ಗೊಂಡು ಗೂಳೂರು ಸಿದ್ಧವೀರಣ್ಣೊಡೆಯರವರೆಗೆ ಬೆಳೆದ ಈ ಕೃತಿ ಸಂವಾದರೂಪದ್ದು, ಹೆಚ್ಚುಕಡಿಮೆ ನಾಟಕವೇ. ಇಲ್ಲಿ ಮಂತ್ರಿಯಿದ್ದಾರೆ, ಮಡಿವಾಳನಿದ್ದಾನೆ, ಅರಮನೆಯನ್ನು ತೊರೆದು ಬಂದ ಅಕ್ಕನಿದ್ದಾಳೆ, ಅಕ್ಕಿ ಆಯ್ದು ಬದುಕುವ ದಂಪತಿಗಳಿದ್ದಾರೆ. ಆಯ್ದಕ್ಕಿ ಮಾರಯ್ಯನು ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನು ಅದನ್ನು ಹಿಂದಕ್ಕೆ ಸುರಿದುಬರುವಂತೆ ಹೇಳುವ ಪ್ರಸಂಗವನ್ನು ನೆನೆಯಿರಿ. ನಾಟ್ಯಶಾಸ್ತ್ರದ ಲೆಕ್ಕದಲ್ಲಿ ಆಕೆಗೆ ಸಲ್ಲಬೇಕಾದದ್ದು ಕೆಳಗಿನ ಭಾಷೆ. ಸ್ತ್ರೀ, ಬಡವಿ, ಕಾಯಕದವಳು. ಆದರೆ ಸಂಪಾದನಕಾರರು ಆಕೆಯ ಬಾಯಲ್ಲಿಟ್ಟಿರುವ ಕನ್ನಡ ಪ್ರಭುದೇವರ ಬಾಯಲ್ಲಿರುವ ಕನ್ನಡವೇ. ಆಕೆಯ ಮಾತಿನಿಂದ ಆಕೆಯ ನಿಷ್ಠೆ ತಿಳಿಯುತ್ತದೆ, ಆಕೆಯ ಕೇರಿ ತಿಳಿಯುವುದಿಲ್ಲ. ಭಾರತೀಯ ಸಂವಾದ ಸಾಹಿತ್ಯದಲ್ಲಿ ಇದು ಸಣ್ಣ ಸಂಗತಿಯಲ್ಲ. ನಮ್ಮ ವಿಮರ್ಶಕರು ಶೂನ್ಯಸಂಪಾದನೆಯ ತತ್ತ್ವವನ್ನು ವಿಸ್ತಾರವಾಗಿ ಚರ್ಚಿಸಿದ್ದಾರೆ. ಪಾತ್ರಗಳ ಭಾಷೆಯ ಈ ಸಮಾನತೆಯ ಕಡೆಗೆ ಸಾಕಷ್ಟು ಲಕ್ಷ್ಯ ಕೊಟ್ಟಿಲ್ಲವೆಂದು ನನ್ನ ಭಾವನೆ.

ಇದಕ್ಕೊಂದು ಆಕ್ಷೇ‌ಪವಿದೆ, ಅದನ್ನು ಮರೆಮಾಡಲಾರೆ. ಎಲ್ಲರಿಗೂ ಒಂದೇ ಕನ್ನಡ ಕೊಟ್ಟಾಗ ಲಕ್ಕಮ್ಮನ ಸ್ವಂತ ಕನ್ನಡ ಅಳಿಸಿಹೋಗಲಿಲ್ಲವೆ? ಹೋಗಿರಬಹುದು. ಬಸವಣ್ಣನವರು ಬಾಗೇವಾಡಿಯವರು, ಪ್ರಭುದೇವರು ಬಳ್ಳಿಗಾವೆಯವರು, ಸಿದ್ಧರಾಮೇಶ್ವರರು ಸೊನ್ನಲಿಗೆಯವರು, ಮಾಚಯ್ಯನವರು ಹಿಪ್ಪರಗಿಯವರು, ಅಂಬಿಗರ ಚೌಡಯ್ಯನವರು ತುಂಗಭದ್ರೆಯ ದಂಡೆಯವರು, ಮೋಳಿಗೆಯ ಮಾರಯ್ಯನವರು ಕಾಶ್ಮೀರದಿಂದ ಬಂದವರೆಂದು ಪ್ರತೀತಿ. ಇವರೆಲ್ಲ ಒಂದೆಡೆ ಕಲೆತಾಗ ಕಲ್ಯಾಣದಲ್ಲಿ ಎಷ್ಟು ಬಗೆಯ ಕನ್ನಡ ಕೇಳಿಬಂದಿರಬೇಡ! ಅದೊಂದೂ ನಮ್ಮ ಕೈಗೆ ಬಂದಿಲ್ಲ. ನಮಗೆ ದೊರೆತಿರುವ ವಚನದ ಹಸ್ತಪ್ರತಿಗಳೆಲ್ಲ ಹನ್ನೆರಡನೆಯ ಶತಮಾನಕ್ಕಿಂತ ಬಹಳ ಈಚಿನವು. ಉತ್ತರದಲ್ಲಿ ಹುಟ್ಟಿದ ವಚನಗಳನ್ನು ಪ್ರೌಢದೇವರಾಯನ ಕಾಲದಿಂದ ಮುಂದೆ ಸಂಕಲಿಸಿದವರಲ್ಲಿ ದಕ್ಷಿಣದವರೇ ಹೆಚ್ಚು. ಗುಮ್ಮಳಾಪುರ, ಗೂಳೂರು, ಎಡೆಯೂರುಗಳ ಹೆಸರುಗಳೇ ಇದನ್ನು ಹೇಳುತ್ತವೆ. ಪ್ರತಿಕಾರನು ತನ್ನ ಕಿವಿಗೆ ಒಗ್ಗಿದಂತೆ ಅಕ್ಷರವನ್ನು ಬರೆದುಕೊಂಡಿದ್ದಾನೆ. ಆಮೇಲೆ 1923ರಲ್ಲಿ ಫ. ಗು. ಹಳಕಟ್ಟಿಯವರ ವಚನಶಾಸ್ತ್ರಸಾರದಿಂದ ತೊಡಗಿ, 1993ರಲ್ಲಿ ಕರ್ನಾಟಕ ಸರ್ಕಾರವು 15 ಸಂಪುಟಗಳಲ್ಲಿ ಹೊರತಂದ ಸಮಗ್ರ ವಚನ ಸಂಪುಟದವರೆಗೆ ಅಚ್ಚಿನ ಹದ ಬೇರೆ ಸೇರಿತು. ಬಸವಣ್ಣನವರು ‘ಪಾವು’ ಎಂದರೋ ‘ಹಾವು’ ಎಂದರೋ ಯಾವ ಸಂಪಾದಕರೂ ಪ್ರಮಾಣ ಮಾಡಿ ಹೇಳಲಾರರು. ಇಂಥಲ್ಲಿ ಯಾವ ಉಚ್ಚಾರಣೆಯನ್ನು ಮೂಲವೆಂದಿಟ್ಟುಕೊಂಡು 25ಕ್ಕೆ ಅಂಕ ಹಾಕುವುದು?

ಇನ್ನೊಂದು ವಿಚಿತ್ರವನ್ನೂ ಹೇಳಬೇಕು. ಮಲ್ಲಿಕಾರ್ಜುನ ಮನಸೂರರೂ ಸಿದ್ಧರಾಮ ಜಂಬಲದಿನ್ನಿಯವರೂ ವಚನಗಳನ್ನು ಹಾಡಿದಾಗ ಅವರ ಉತ್ತರದ ಸ್ವರಗಳು ನಮಗೆ ತಪ್ಪಾಗಿ ಕೇಳಿಸಲಿಲ್ಲ; ವಚನಕ್ಕೆ ಆ ಮಣ್ಣೇ ಸರಿ ಎನಿಸಿತು. ಬೇಂದ್ರೆಯವರ ಧಾರವಾಡದ ನುಡಿಯನ್ನು ಮೈಸೂರಿನ ನುಡಿಗೆ ತಿರುಗಿಸಿದರೆ ಕವಿತೆಯೇ ಮುರಿದುಬೀಳುತ್ತದೆಂಬುದನ್ನು ಈಗ ಎಲ್ಲರೂ ಒಪ್ಪುತ್ತಾರೆ. ಅದೇ ಉತ್ತರದ ಮಾತು ಚಿತ್ರಮಂದಿರದಲ್ಲಿ ಹಾಸ್ಯಗಾರನ ಪಾಲು. ಹಕಾರ ಬಿಡುವ ಸೀಮೆಯ ಮಾತಿಗೂ ಹಾಗೆಯೇ. ದೇವನೂರ ಮಹಾದೇವರ ಕುಸುಮಬಾಲೆಗೆ 1990ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ನಂಜನಗೂಡು ಸೀಮೆಯ ನುಡಿಯ ಸತ್ತ್ವವನ್ನು ಹೊಗಳಿ ಮಾತನಾಡಿದ ಉಪಾಧ್ಯಾಯರನ್ನು ನಾನು ಬಲ್ಲೆ. ಮರುದಿನ ತರಗತಿಯಲ್ಲಿ ಅದೇ ನುಡಿಗೆ ಅವರು ಕೆಂಪು ಗೆರೆ ಎಳೆದರು. ಪುಸ್ತಕದಲ್ಲಿದ್ದರೆ ಸತ್ತ್ವ, ಮಗುವಿನ ಬಾಯಲ್ಲಿದ್ದರೆ ದೋಷ.

ಹಾಗಾದರೆ ಬರಹದಲ್ಲೂ ಹಕಾರವನ್ನು ಬಿಟ್ಟುಬಿಡೋಣವೆ ಎಂದು ಕೇಳುವವರುಂಟು. ನಾನು ಅಲ್ಲಿಯವರೆಗೆ ಹೋಗಲಾರೆ. ಮಹಾಪ್ರಾಣಗಳು ಕನ್ನಡಿಗರ ಮಾತಿನಲ್ಲಿಲ್ಲವೆಂದು ವಾದಿಸಿದ ಭಾಷಾವಿಜ್ಞಾನಿ ಶಂಕರ ಭಟ್ಟರು ತಮ್ಮ ಹೆಸರನ್ನೇ ‘ಶಂಕರ ಬಟ್’ ಎಂದು ಬರೆದುಕೊಂಡರು. ಅವರ ವಾದದ ಮೊದಲ ಭಾಗ ನನ್ನ ಕಿವಿಗೂ ನಿಜವೇ. ಆದರೆ ನೂರಾರು ವರ್ಷಗಳ ಓಲೆಗರಿಗಳನ್ನು ಓದಬೇಕಾದವರಿಗೆ ಬರಹದ ಅಕ್ಷರಗಳು ದಾರಿಯ ಗುರುತುಗಳು. ಅವನ್ನು ಕಿತ್ತರೆ ಹಿಂದಕ್ಕೆ ಹೋಗುವ ಹಾದಿ ಮುಚ್ಚುತ್ತದೆ. ಮಕ್ಕಳಿಗೆ ಹಾವನ್ನು ಹಕಾರದಿಂದಲೇ ಬರೆಯಲು ಕಲಿಸಬೇಕು. ಬೇಕಾದಾಗ ನುಡಿಯಲೂ ಕಲಿಸಬಹುದು. ಚಾಮರಾಜನಗರದ ಸೀಮೆಯವರಾದ ರಾಜಕುಮಾರರು ಗುಬ್ಬಿ ವೀರಣ್ಣನವರ ಕಂಪನಿಯಂತಹ ರಂಗಶಾಲೆಯಲ್ಲಿ ಪಳಗಿ, ನಾಡಿಗೇ ಸ್ಫುಟವಾಕ್ಕಿನ ಮಾದರಿಯಾದರು. ಕಲಿಯುವುದು ಅಸಾಧ್ಯವಲ್ಲ. ನಾನು ಕೇಳುವುದಿಷ್ಟೇ: ಬರೆಯುವುದನ್ನು ತಿದ್ದುವ ಕೆಂಪು ಶಾಯಿಯನ್ನು ವಚನ ಹೇಳುವ ಬಾಯಿಗೆ ಹಚ್ಚಬೇಕೆ?

ಸ್ಪರ್ಧೆಯ ಹುಡುಗಿಗೆ ಆ ಅಂಕಣದಲ್ಲಿ ನಾನು 25ಕ್ಕೆ 25 ಕೊಟ್ಟೆ. ಉಳಿದ ಇಬ್ಬರ ಅಂಕ 8 ಮತ್ತು 10. ಅವಳಿಗೆ ಬಹುಮಾನ ಬರಲಿಲ್ಲ. ಕಾರ್ಯಕ್ರಮ ಮುಗಿದ ಮೇಲೆ ಅವಳ ಹತ್ತಿರ ಹೋಗಿ, ಆ ವಚನದ ಅರ್ಥವೇನಮ್ಮ ಎಂದು ಕೇಳಿದೆ. ‘ಒಳೆ ಎಂಗ್ ಅರುದ್ರೂ ಕಡ್ಲುಗೇ ಅಲ್ವಾ ಸಾ ಓಗದು’ ಎಂದಳು. ಟೀಕಾಕಾರರು ಬರೆದಿರುವುದೂ ಇದನ್ನೇ, ಸ್ವಲ್ಪ ಉದ್ದವಾಗಿ.

ಉಚ್ಚಾರಣಾಶುದ್ಧಿ ಎಂಬ ಅಂಕಣದ ಹೆಸರನ್ನು ಅರ್ಥಸ್ಫುಟತೆ ಎಂದು ಬದಲಿಸುವಂತೆ ವ್ಯವಸ್ಥಾಪಕರಿಗೆ ಪತ್ರ ಬರೆದಿದ್ದೇನೆ. ಈ ವರ್ಷದ ಸ್ಪರ್ಧೆಗೂ ತೀರ್ಪುಗಾರನಾಗಿ ಬರಬೇಕೆಂದು ಕರೆ ಬಂದಿದೆ. ಅಂಕಪಟ್ಟಿ ಇನ್ನೂ ಬಂದಿಲ್ಲ.